ಮಕ್ಕಳ ಮ್ಯೂಸಿಕ್ ಥೆರಪಿ: ಹನ್ನೆರಡು ವಾರದ ಆನ್‌ಲೈನ್ ಕೋರ್ಸ್ ಮುಗಿಸಿದ ಮೇಲೆ

ಮಕ್ಕಳಿಗೆ ಸಂಗೀತ ಹೇಳಿಕೊಡುವುದು ನನ್ನ ಕೆಲಸ. ಒಂಬತ್ತು ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ. ಎರಡು ವರ್ಷದ ಹಿಂದೆ ನನ್ನ ಕ್ಲಾಸಿಗೆ ಒಬ್ಬ ಹುಡುಗ ಬರತೊಡಗಿದ. ಮಾತು ತೀರಾ ಕಮ್ಮಿ. ಆಟಿಸಂ ಇದೆ ಅಂತ ಅವನ ಅಮ್ಮ ಮೊದಲ ದಿನವೇ ಹೇಳಿದ್ದರು. ಅವನಿಗೆ ಸ್ವರ ಕಲಿಸುವುದು ನನ್ನಿಂದ ಆಗಲಿಲ್ಲ. ಆದರೆ ಅವನು ಕೀಬೋರ್ಡಿನ ಒಂದೇ ಒಂದು ಕೀ ಒತ್ತಿ ನನ್ನ ಮುಖ ನೋಡುತ್ತಿದ್ದ, ನಾನೂ ಅದನ್ನೇ ಒತ್ತಿದರೆ ನಗುತ್ತಿದ್ದ, ಮತ್ತೆ ಒತ್ತುತ್ತಿದ್ದ, ಹೀಗೇ ಅರ್ಧ ಗಂಟೆ ಕಳೆದುಹೋಗುತ್ತಿತ್ತು. ಇದು ಪಾಠವಾ, ಆಟವಾ, ಬೇರೆ ಏನಾದರೂನಾ ಅಂತ ನನಗೆ ಗೊತ್ತಾಗುತ್ತಿರಲಿಲ್ಲ. ಆ ಒಂದು ಪ್ರಶ್ನೆ ಹಿಡಿದುಕೊಂಡೇ ಮಕ್ಕಳ ಮ್ಯೂಸಿಕ್ ಥೆರಪಿಯ, ಅಂದರೆ ಸಂಗೀತವನ್ನೇ ಚಿಕಿತ್ಸೆಯಾಗಿ ಬಳಸಿ ಮಕ್ಕಳಿಗೆ ನೆರವಾಗುವ ಕೆಲಸದ, ಹನ್ನೆರಡು ವಾರದ ಕೋರ್ಸಿಗೆ ಸೇರಿದೆ. ಹೋದ ತಿಂಗಳು ಮುಗಿಯಿತು.

ಸಂಸ್ಥೆಯ ಹೆಸರು ಹಾಕುತ್ತಿಲ್ಲ. ಎರಡು ದೂರುಗಳಿವೆ, ಅವನ್ನು ಅವರಿಗೇ ಬರೆದು ಕಳಿಸಿದ್ದೇನೆ. ಈ ಕೆಲಸವನ್ನು ಬದುಕಿನ ದಾರಿಯಾಗಿ ಹಿಡಿಯಬೇಕಾ ಅಂತ ಯೋಚಿಸುತ್ತಿರುವವರಿಗೆ ನಾನು ಕಂಡಿದ್ದು ಉಪಯೋಗಕ್ಕೆ ಬಂದರೆ ಸಾಕು.

ಮೊದಲೇ ಹೇಳಿಬಿಡುತ್ತೇನೆ. ಕೋರ್ಸ್ ಚೆನ್ನಾಗಿದೆ. ಪಾಠ ಮಾಡುವವರು ದಿನವೂ ಮಕ್ಕಳ ಜೊತೆ ಕೆಲಸ ಮಾಡುವವರು, ಅದು ಮಾತಿನಲ್ಲೇ ಗೊತ್ತಾಗುತ್ತದೆ. ಆದರೆ ಕೋರ್ಸನ್ನು ಮಾರುವ ರೀತಿ ಸರಿಯಿಲ್ಲ. ಹನ್ನೆರಡು ವಾರ ಕಲಿತರೆ ಯಾರೂ ಥೆರಪಿಸ್ಟ್ ಆಗುವುದಿಲ್ಲ. ಆಗಬೇಕಾ ಬೇಡವಾ ಅನ್ನುವುದು ತಿಳಿಯುತ್ತದೆ, ಅಷ್ಟೇ. ಆ ಅಷ್ಟಕ್ಕೆ ಕೊಟ್ಟ ದುಡ್ಡು ವಸೂಲಾಯಿತು ಅಂತಲೇ ನನ್ನ ಲೆಕ್ಕ.

ಮೊದಲ ಎರಡು ವಾರ ಇತಿಹಾಸ. ನಾನು ಇದನ್ನು ಬೇಗ ದಾಟಿಸಿಬಿಡೋಣ ಅಂದುಕೊಂಡಿದ್ದೆ, ಆದರೆ ಕೂತು ಕೇಳಿದೆ. ಮ್ಯೂಸಿಕ್ ಥೆರಪಿಗೆ ಮೊದಲ ಡಿಗ್ರಿ ಶುರುವಾಗಿದ್ದು 1944ರಲ್ಲಿ, ಅಮೆರಿಕದ ಮಿಷಿಗನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ. ಯುದ್ಧದಿಂದ ಬಂದ ಸೈನಿಕರ ಆಸ್ಪತ್ರೆಗಳಿಗೆ ಸಂಗೀತಗಾರರು ಹೋಗಿ ನುಡಿಸುತ್ತಿದ್ದರು. ಇದಕ್ಕೆ ಬರೀ ಒಳ್ಳೆಯ ಮನಸ್ಸು ಸಾಲದು, ತರಬೇತಿ ಬೇಕು ಅನ್ನುವುದು ಅಲ್ಲಿನವರಿಗೆ ಹೊಳೆಯಿತು. ಮಕ್ಕಳ ವಿಷಯಕ್ಕೆ ಬಂದರೆ ಎಲ್ಲರೂ ನೆನೆಯುವ ಜೋಡಿ ಪಾಲ್ ನಾರ್ಡಾಫ್ ಮತ್ತು ಕ್ಲೈವ್ ರಾಬಿನ್ಸ್. ಒಬ್ಬರು ಅಮೆರಿಕದ ಸಂಯೋಜಕ, ಪಿಯಾನೋ ನುಡಿಸುವವರು. ಇನ್ನೊಬ್ಬರು ಇಂಗ್ಲೆಂಡಿನಲ್ಲಿ ವಿಶೇಷ ಮಕ್ಕಳಿಗೆ ಪಾಠ ಮಾಡುತ್ತಿದ್ದವರು. 1959ರಲ್ಲಿ ಇಬ್ಬರೂ ಒಟ್ಟಿಗೆ ಕೆಲಸ ಶುರು ಮಾಡಿದರು. ಮಗು ಅತ್ತರೆ ಆ ಅಳುವಿನ ಸ್ವರವನ್ನೇ ಹಿಡಿದು ಪಿಯಾನೋ ನುಡಿಸುವುದು, ಮಗು ಡ್ರಮ್ ಬಡಿದರೆ ಆ ಬಡಿತದ ಸುತ್ತ ಸಂಗೀತ ಕಟ್ಟುವುದು, ಇದು ಅವರ ದಾರಿ. ಮೊದಲೇ ಬರೆದಿಟ್ಟ ಹಾಡನ್ನು ಮಗುವಿಗೆ ಕೇಳಿಸುವುದಲ್ಲ, ಮಗು ಕೊಟ್ಟಿದ್ದನ್ನು ತೆಗೆದುಕೊಂಡು ಅಲ್ಲೇ ಹಾಡು ಮಾಡುವುದು.

ಇದನ್ನು ಕೇಳಿದಾಗ ತಲೆಯಾಡಿಸಿದೆ. ಅರ್ಥವಾಗಿದ್ದು ಮೂರನೇ ವಾರ.

ಮೂರನೇ ವಾರದ ಅಸೈನ್‌ಮೆಂಟ್ ಹೀಗಿತ್ತು. ಇಬ್ಬಿಬ್ಬರ ಜೋಡಿ. ಒಬ್ಬರು ಮಗು, ಒಬ್ಬರು ಥೆರಪಿಸ್ಟ್. ಐದು ನಿಮಿಷ ರೆಕಾರ್ಡ್ ಮಾಡಿ ಕಳಿಸಬೇಕು. ನನ್ನ ಜೋಡಿಯಾಗಿ ಬಂದವರು ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿದ್ದವರು. ಅವರು ಕ್ಯಾಮೆರಾಗೆ ಬೆನ್ನು ಹಾಕಿ ನೆಲದ ಮೇಲೆ ಕೂತರು. ನಾನು ಗಿಟಾರ್ ತೆಗೆದುಕೊಂಡು ಸ್ವಾಗತದ ಹಾಡು ಶುರು ಮಾಡಿದೆ. ತಿರುಗಲಿಲ್ಲ. ಇನ್ನೊಂದು ಹಾಡಿಗೆ ಹೋದೆ, ಸ್ವಲ್ಪ ಜೋರಾಗಿ. ತಿರುಗಲಿಲ್ಲ. ಮೂರನೆಯದು ಇನ್ನೂ ಚುರುಕಾದದ್ದು. ಶ್ರುತಿ ಸರಿ ಇತ್ತು, ತಾಳ ಸರಿ ಇತ್ತು, ಒಂದು ಸ್ವರವೂ ತಪ್ಪಿರಲಿಲ್ಲ. ಚೆನ್ನಾಗೇ ಆಗಿದೆ ಅಂತ ಕಳಿಸಿದೆ.

ಪಾಠ ಮಾಡುವ ಮೇಡಂ ಅದನ್ನು ಎಲ್ಲರ ಮುಂದೆ ಹಾಕಿದರು, ನನ್ನ ಒಪ್ಪಿಗೆ ಕೇಳಿಯೇ. ನಲವತ್ತನೇ ಸೆಕೆಂಡಿಗೆ ನಿಲ್ಲಿಸಿ ಕೇಳಿದರು, "ಇಲ್ಲಿಯವರೆಗೆ ಮಗು ಏನೇನು ಮಾಡಿತು, ಹೇಳಿ?"

ನನಗೆ ಹೇಳಲು ಆಗಲಿಲ್ಲ. ನಾನು ನೋಡಿರಲೇ ಇಲ್ಲ.

ವಿಡಿಯೋದ ದನಿ ಬಂದ್ ಮಾಡಿ ಮತ್ತೆ ಹಾಕಿದರು. ಆಗ ಕಂಡಿತು. ಹನ್ನೊಂದನೇ ಸೆಕೆಂಡಿಗೆ ನನ್ನ ಜೋಡಿದಾರರ ಬೆರಳು ಮಂಡಿಯ ಮೇಲೆ ಎರಡು ಸಲ ತಟ್ಟಿದೆ. ಇಪ್ಪತ್ತರ ಹತ್ತಿರ ಭುಜ ಸ್ವಲ್ಪ ನನ್ನ ಕಡೆ ವಾಲಿದೆ. ನಾನು ಎರಡನೇ ಹಾಡು ಶುರು ಮಾಡಿದ ಕೂಡಲೇ ಆ ಭುಜ ಹಿಂದಕ್ಕೆ ಹೋಗಿದೆ. ಬೆರಳು ಮುಷ್ಟಿಯಾಗಿದೆ. ಇಷ್ಟೆಲ್ಲ ಆಗುತ್ತಿದ್ದರೂ ನಾನು ನನ್ನ ಪಾಡಿಗೆ ಹಾಡುತ್ತಲೇ ಇದ್ದೆ. ಕ್ಲಾಸಿನಲ್ಲಿ ಸದ್ದಿಲ್ಲದ ಜಾಗ ಕಂಡರೆ ತುಂಬಿಬಿಡುವುದು ಒಂಬತ್ತು ವರ್ಷದ ಅಭ್ಯಾಸ, ಅದು ಇಲ್ಲಿ ಅಡ್ಡ ಬಂದಿತ್ತು.

ಮತ್ತೆ ಮಾಡಲು ಬಿಟ್ಟರು. ಈ ಸಲ ಗಿಟಾರನ್ನು ಮಡಿಲಲ್ಲಿ ಮಲಗಿಸಿ ಸುಮ್ನೆ ಕೂತೆ. ಅಷ್ಟು ಹೊತ್ತು ಏನೂ ನುಡಿಸದೆ ಕೂರುವುದು ಎಷ್ಟು ಕಷ್ಟ ಅಂತ ನುಡಿಸುವವರಿಗೇ ಗೊತ್ತು. ಬೆರಳು ಎರಡು ಸಲ ತಟ್ಟಿತು. ನಾನು ಗಿಟಾರಿನ ಮರದ ಮೇಲೆ ಎರಡು ಸಲ ತಟ್ಟಿದೆ. ಬೆರಳು ನಿಂತಿತು. ಆಮೇಲೆ ಮೂರು ಸಲ ತಟ್ಟಿತು. ನಾನೂ ಮೂರು. ಐದು ನಿಮಿಷ ಮುಗಿಯುವ ಹೊತ್ತಿಗೆ ಅವರು ನನ್ನ ಕಡೆ ಅರ್ಧ ತಿರುಗಿದ್ದರು. ಒಂದೇ ಒಂದು ತಂತಿ ಮೀಟಿರಲಿಲ್ಲ ನಾನು.

ಆ ಕೀಬೋರ್ಡ್ ಹುಡುಗನ ವಿಷಯವನ್ನು ಅವತ್ತೇ ಮೇಡಂ ಹತ್ತಿರ ಕೇಳಿದೆ. ಅದನ್ನು ಥೆರಪಿ ಅನ್ನಬೇಡಿ ಅಂದರು, ನೇರವಾಗಿ. ಥೆರಪಿ ಅಂದರೆ ಮೊದಲು ಮಗುವನ್ನು ಗಮನಿಸಿ ಬರೆದುಕೊಳ್ಳಬೇಕು, ಮನೆಯವರ ಜೊತೆ ಕೂತು ಗುರಿ ಇಟ್ಟುಕೊಳ್ಳಬೇಕು, ಪ್ರತಿ ಸೆಷನ್ ಆದ ಮೇಲೆ ಏನಾಯಿತು ಅಂತ ದಾಖಲಿಸಬೇಕು, ಮೂರು ತಿಂಗಳಿಗೋ ಆರು ತಿಂಗಳಿಗೋ ತಿರುಗಿ ನೋಡಿ ಗುರಿಯತ್ತ ಹೋಗುತ್ತಿದ್ದೇವಾ ಇಲ್ಲವಾ ಅಂತ ಒಪ್ಪಿಕೊಳ್ಳಬೇಕು. ಇದೆಲ್ಲ ಇಲ್ಲದಿದ್ದರೆ ಅದು ಸಂಗೀತ, ಒಳ್ಳೆಯದೇ, ಆದರೆ ಥೆರಪಿ ಅಲ್ಲ. ಇಷ್ಟು ಹೇಳಿ, "ಆದರೆ ಅವನು ನಿಮ್ಮ ಜೊತೆ ಸರದಿ ಆಡುತ್ತಿದ್ದಾನೆ, ಅವನಾದ ಮೇಲೆ ನೀವು, ನೀವಾದ ಮೇಲೆ ಅವನು. ಮಾತುಕತೆ ಶುರುವಾಗುವುದೇ ಹಾಗೆ ಅಲ್ವಾ? ನಿಲ್ಲಿಸಬೇಡಿ" ಅಂದರು. ಎರಡು ವರ್ಷ ಇಟ್ಟುಕೊಂಡಿದ್ದ ಪ್ರಶ್ನೆಗೆ ಉತ್ತರ ಸಿಕ್ಕಿತು. ಕೋರ್ಸಿನ ಬಾಕಿ ಒಂಬತ್ತು ವಾರ ಬರೀ ಲಾಭ ಅನ್ನಿಸಿತು ಆ ರಾತ್ರಿ.

ನನಗೆ ತುಂಬಾ ಹಿಡಿಸಿದ ಇನ್ನೊಂದು ವಿಷಯ, ಸಂಶೋಧನೆಯನ್ನು ಇವರು ಹೇಳಿಕೊಟ್ಟ ರೀತಿ. ಸಂಗೀತದಿಂದ ಎಲ್ಲ ವಾಸಿಯಾಗುತ್ತದೆ ಅಂತ ಹೇಳುವವರು ಜಾಸ್ತಿ. ಇವರು ಹಾಗೆ ಮಾಡಲಿಲ್ಲ. ಒಳ್ಳೆಯ ಫಲಿತಾಂಶವನ್ನೂ ನಿರಾಸೆ ಮಾಡುವುದನ್ನೂ ಪಕ್ಕಪಕ್ಕದಲ್ಲಿಟ್ಟರು. 2013ರಲ್ಲಿ ಬಂದ ಒಂದು ಅಧ್ಯಯನ ಇದೆ, ಅವಧಿಗೆ ಮುಂಚೆ ಹುಟ್ಟಿದ 272 ಶಿಶುಗಳು, 11 ಆಸ್ಪತ್ರೆಗಳ ತೀವ್ರ ನಿಗಾ ಘಟಕಗಳು. ಅಪ್ಪ ಅಮ್ಮ ತಮಗೆ ಇಷ್ಟವಾದ ಹಾಡನ್ನು ಲಾಲಿಯ ಹಾಗೆ ಮೆಲ್ಲಗೆ ಹಾಡುವುದು, ಗರ್ಭದ ಒಳಗಿನ ಸದ್ದಿನ ಹಾಗೆ ಹೊಮ್ಮುವ ಒಂದು ದುಂಡನೆಯ ವಾದ್ಯ, ಎದೆಬಡಿತದ ಹಾಗೆ ಬೆರಳಿನಿಂದ ನುಡಿಸುವ ಒಂದು ಮರದ ಪೆಟ್ಟಿಗೆ, ಈ ಮೂರನ್ನು ಥೆರಪಿಸ್ಟ್‌ಗಳು ಮಗುವಿನ ಉಸಿರಿಗೆ ಹೊಂದಿಸಿ ಬಳಸಿದರು. ಹೃದಯಬಡಿತ, ನಿದ್ದೆ, ಹಾಲು ಚೀಪುವುದು, ಇವುಗಳಲ್ಲಿ ಒಳ್ಳೆಯ ಬದಲಾವಣೆ ಕಂಡಿತು.

ಅದರ ಮುಂದಿನ ಪಾಠವೇ 2017ರದ್ದು. 9 ದೇಶ, ಆಟಿಸಂ ಇರುವ 364 ಮಕ್ಕಳು, ನಾಲ್ಕರಿಂದ ಏಳು ವರ್ಷದವರು. ಐದು ತಿಂಗಳು ಮ್ಯೂಸಿಕ್ ಥೆರಪಿ ಸಿಕ್ಕ ಮಕ್ಕಳಿಗೂ ಸಿಗದ ಮಕ್ಕಳಿಗೂ, ಅವರು ಅಳೆಯಲು ಇಟ್ಟುಕೊಂಡಿದ್ದ ಲಕ್ಷಣಗಳ ತೀವ್ರತೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಈ ಪಾಠದ ದಿನ ಚಾಟ್ ಪೂರ್ತಿ ಮೌನ. ಒಬ್ಬರು ಮಾತ್ರ, ಹಾಗಾದರೆ ನಾವು ಇದನ್ನು ಯಾಕೆ ಕಲಿಯುತ್ತಿದ್ದೇವೆ ಅಂತ ಬರೆದರು. ಮೇಡಂ ತಪ್ಪಿಸಿಕೊಳ್ಳಲಿಲ್ಲ. ಅಳೆದದ್ದು ಏನನ್ನು, ಮಗುವಿನ ಮತ್ತು ಮನೆಯವರ ದಿನನಿತ್ಯದ ಬದುಕಿಗೆ ಬೇಕಾದದ್ದು ಏನು, ಇವೆರಡೂ ಒಂದೇನಾ ಅಂತ ಒಂದು ಗಂಟೆ ಚರ್ಚೆ ಮಾಡಿಸಿದರು. ಆಟಿಸಂ ಕಡಿಮೆ ಮಾಡುತ್ತೇವೆ ಅಂತ ಯಾವ ಅಪ್ಪ ಅಮ್ಮನಿಗೂ ಮಾತು ಕೊಡಬೇಡಿ ಅಂತ ಖಡಾಖಂಡಿತವಾಗಿ ಹೇಳಿದರು. ಆ ಒಂದು ಗಂಟೆಗೇ ನಾನು ಈ ಕೋರ್ಸನ್ನು ನಂಬಿದೆ.

ಸಂಗೀತದಿಂದ ತೊಂದರೆಯೂ ಆಗಬಹುದು ಅನ್ನುವ ಪಾಠ ಚಿಕ್ಕದಾಗಿತ್ತು, ಇನ್ನೂ ಸ್ವಲ್ಪ ಬೇಕಿತ್ತು. ಕೆಲವು ಮಕ್ಕಳಿಗೆ ನಮಗೆ ಹಿತವಾದ ಸದ್ದೇ ಕಿವಿ ಚುಚ್ಚಿದ ಹಾಗಾಗುತ್ತದೆ. ತೀರಾ ಅಪರೂಪಕ್ಕೆ ಸಂಗೀತ ಕೇಳಿದರೇ ಫಿಟ್ಸ್ ಬರುವವರೂ ಇದ್ದಾರೆ. ಹಾಡು ಯಾವುದೋ ನೋವಿನ ನೆನಪನ್ನು ಎಬ್ಬಿಸಬಹುದು. ಹತ್ತು ನಿಮಿಷದಲ್ಲಿ ಮುಗಿಸುವ ವಿಷಯ ಅಲ್ಲ ಇದು.

ಹತ್ತನೇ ವಾರದ ಬಗ್ಗೆ ಹೇಳಲೇಬೇಕು. ವಾಸಿಯಾಗದ ಕಾಯಿಲೆ ಇರುವ ಮಕ್ಕಳ ಜೊತೆ ಕೆಲಸ ಮಾಡುವ ಥೆರಪಿಸ್ಟ್ ಒಬ್ಬರು ಬಂದಿದ್ದರು. ಮಗುವಿನ ಎದೆಬಡಿತವನ್ನು ಸ್ಟೆತಸ್ಕೋಪಿನಲ್ಲಿ ರೆಕಾರ್ಡ್ ಮಾಡಿ, ಅದೇ ಬಡಿತವನ್ನು ತಾಳವಾಗಿಟ್ಟು, ಮಗುವಿಗೆ ಇಷ್ಟವಾದ ಹಾಡನ್ನು ಅದರ ಮೇಲೆ ಹಾಡಿ ಮನೆಯವರಿಗೆ ಕೊಡುತ್ತಾರಂತೆ. ಮಗು ಹೋದ ಮೇಲೂ ಆ ಬಡಿತ ಅವರ ಹತ್ತಿರ ಇರುತ್ತದೆ. ಇದನ್ನು ಅವರು ಬಹಳ ಮೆಲ್ಲಗೆ, ಏನೂ ಬಣ್ಣ ಹಚ್ಚದೆ ಹೇಳಿದರು. ಆಮೇಲೆ ತಮ್ಮ ಸೂಪರ್‌ವಿಷನ್ ಬಗ್ಗೆ ಹೇಳಿದರು. ಅಂದರೆ ಥೆರಪಿಸ್ಟ್ ತನಗಿಂತ ಅನುಭವ ಇರುವವರ ಹತ್ತಿರ ತಪ್ಪದೆ ಹೋಗಿ, ತನ್ನ ಮೇಲೆ ಕೂತಿರುವ ಭಾರವನ್ನು ಇಳಿಸಿಕೊಂಡು ಬರುವುದು. ಇದಿಲ್ಲದೆ ಈ ಕೆಲಸ ಮಾಡಬೇಡಿ ಅಂದರು. ನಾನು ಆ ರಾತ್ರಿ ಲ್ಯಾಪ್‌ಟಾಪ್ ಮುಚ್ಚಿ ಬಹಳ ಹೊತ್ತು ಕೂತಿದ್ದೆ. ನನ್ನಿಂದ ಆಗುತ್ತದಾ ಅಂತ ಇವತ್ತೂ ಪೂರ್ತಿ ಗೊತ್ತಿಲ್ಲ. ಆದರೆ ಕೆಲಸಕ್ಕೆ ಸೇರಿದ ಮೇಲೆ ಗೊತ್ತಾಗುವುದಕ್ಕಿಂತ ಈಗಲೇ ಈ ಪ್ರಶ್ನೆ ಎದುರಾಗಿದ್ದು ಒಳ್ಳೆಯದಾಯಿತು.

ಈಗ ದೂರುಗಳು.

ಒಂದು, ಸರ್ಟಿಫಿಕೇಟ್. ಜಾಹೀರಾತಿನಲ್ಲಿ 'ಸರ್ಟಿಫೈಡ್ ಮಕ್ಕಳ ಮ್ಯೂಸಿಕ್ ಥೆರಪಿಸ್ಟ್ ಆಗಿ' ಅಂತ ದೊಡ್ಡ ಅಕ್ಷರದಲ್ಲಿತ್ತು. ಕೈಗೆ ಬಂದ ಸರ್ಟಿಫಿಕೇಟಿನ ಮೇಲೂ ಹಾಗೇ ಇದೆ. ಇದು ತಪ್ಪು. ಅವರದೇ ಪಾಠದಲ್ಲಿ ಹೇಳಿದ ಲೆಕ್ಕ ನೋಡಿ. ಅಮೆರಿಕದಲ್ಲಿ ಮಾನ್ಯತೆ ಇರುವ ಡಿಗ್ರಿ ಬೇಕು, ಅದರ ಜೊತೆ ಕಮ್ಮಿ ಅಂದರೂ 1200 ಗಂಟೆ ಕ್ಲಿನಿಕಲ್ ತರಬೇತಿ, ಆಮೇಲೆ ಈ ವೃತ್ತಿಗೆ ಪ್ರಮಾಣಪತ್ರ ಕೊಡುವ ಮಂಡಳಿಯ ಪರೀಕ್ಷೆ. ಪಾಸಾದರೂ ಮುಗಿಯುವುದಿಲ್ಲ, ಐದೈದು ವರ್ಷಕ್ಕೆ ನವೀಕರಿಸಬೇಕು. ಬ್ರಿಟನ್ನಿನಲ್ಲಿ ಮಾಸ್ಟರ್ಸ್ ಮಾಡಿ ಕಾನೂನು ಗೊತ್ತುಮಾಡಿದ ಮಂಡಳಿಯಲ್ಲಿ ನೋಂದಣಿ ಆಗದೆ 'ಮ್ಯೂಸಿಕ್ ಥೆರಪಿಸ್ಟ್' ಅಂತ ಹೇಳಿಕೊಂಡರೆ ಅದು ಕಾನೂನಿಗೇ ವಿರುದ್ಧ. ಹನ್ನೆರಡು ವಾರ, ಅದೂ ವಾರಕ್ಕೆ ನಾಲ್ಕು ಗಂಟೆ, ಅಂದರೆ 48 ಗಂಟೆ. 1200 ಎಲ್ಲಿ, 48 ಎಲ್ಲಿ? ಇಂಥ ಕಾನೂನು ಇಲ್ಲದ ಜಾಗಗಳಲ್ಲಿ ಯಾರು ಬೇಕಾದರೂ ಬೋರ್ಡ್ ಹಾಕಿಕೊಳ್ಳಬಹುದು, ಅದಕ್ಕೇ ಈ ಸರ್ಟಿಫಿಕೇಟ್ ನೋಡಿದರೆ ನನಗೆ ಹೆದರಿಕೆ. ಮಗುವಿನ ಅಪ್ಪ ಅಮ್ಮ ಅದನ್ನು ನಂಬುತ್ತಾರೆ. 'ಪರಿಚಯ ಕೋರ್ಸ್ ಮುಗಿಸಿದ್ದಾರೆ' ಅಂತ ಬರೆದಿದ್ದರೆ ನಾನು ಸಂತೋಷವಾಗಿ ಗೋಡೆಗೆ ಹಾಕಿಕೊಳ್ಳುತ್ತಿದ್ದೆ. ಈಗ ಅದು ಕಪಾಟಿನಲ್ಲಿದೆ.

ಎರಡು, 'ನೇರ ವೀಕ್ಷಣೆ' ಅಂತ ಹೇಳಿ ಸೇರಿಸಿಕೊಂಡು ಕೊನೆಗೆ ಕೊಟ್ಟಿದ್ದು ಒಂದೂವರೆ ಗಂಟೆಯ ವಿಡಿಯೋ. ಮಕ್ಕಳ ಮುಖ ಮಸುಕು ಮಾಡಿದ್ದರು, ಅದು ಸರಿಯೇ, ಮಕ್ಕಳ ಗೌಪ್ಯತೆ ಮುಖ್ಯ. ಮೂವತ್ತು ಜನರನ್ನು ವಾರ್ಡಿಗೆ ಬಿಡಲು ಆಗುವುದಿಲ್ಲ ಅನ್ನುವುದೂ ಅರ್ಥವಾಗುತ್ತದೆ. ಹಾಗಿದ್ದರೆ ಮುಂಚೆಯೇ ಹೇಳಬೇಕಿತ್ತು. ಮುಖ ಕಾಣದೆ ಮಗುವನ್ನು ಗಮನಿಸುವುದು ಕಲಿಯಲು ಹೇಗಾಗುತ್ತದೆ?

ನಾನು ಬಿಡಲಿಲ್ಲ. ಪರಿಚಯದವರ ಮೂಲಕ ಒಬ್ಬ ಥೆರಪಿಸ್ಟನ್ನು ಕೇಳಿಕೊಂಡೆ, ಆಸ್ಪತ್ರೆಯವರೂ ಮನೆಯವರೂ ಒಪ್ಪಿದ ಮೂರು ಸೆಷನ್‌ಗೆ ಮೂಲೆಯಲ್ಲಿ ಕೂರಲು ಬಿಟ್ಟರು. ಕೋರ್ಸಿನಲ್ಲಿ ಸಿಗದಿದ್ದುದು ಅಲ್ಲಿ ಸಿಕ್ಕಿತು.

ಎರಡನೇ ಸೆಷನ್ನಿನ ಮಗುವಿಗೆ ಸುಮಾರು ಐದು ವರ್ಷ. ಕೈಗೆ ಡ್ರಿಪ್ ಸೂಜಿ ಹಾಕಬೇಕಿತ್ತು. ಕಿರುಚಿ ಅಳುತ್ತಿತ್ತು. ನಾನಾಗಿದ್ದರೆ ಸಮಾಧಾನ ಮಾಡಲು ಮೆಲ್ಲನೆಯ ಹಾಡು ಹಾಡುತ್ತಿದ್ದೆ. ಥೆರಪಿಸ್ಟ್ ಹಾಗೆ ಮಾಡಲಿಲ್ಲ. ಮಗುವಿನ ಅಳು ಎಷ್ಟು ಮೇಲಿತ್ತೋ ಅದೇ ಸ್ವರದಲ್ಲಿ, ಅಷ್ಟೇ ವೇಗದಲ್ಲಿ, ಸಾಕಷ್ಟು ಗಟ್ಟಿಯಾಗಿ "ಬೇಡ, ಬೇಡ, ಬೇಡ" ಅಂತ ಹಾಡಿದರು. ಮಗುವಿನ ಮಾತನ್ನೇ ಹಾಡು ಮಾಡಿದರು. ಮಗು ಅಳುತ್ತಲೇ ಅವರ ಕಡೆ ನೋಡಿತು. ನಂತರ ಒಂದೊಂದೇ ಸಾಲಿಗೆ ಸ್ವರ ಇಳಿಸುತ್ತಾ, ಸಾಲು ಸಾಲಿನ ನಡುವೆ ಉಸಿರಿಗೆ ಜಾಗ ಬಿಡುತ್ತಾ ಬಂದರು. ಒಂದು ಹಂತದಲ್ಲಿ ಮಗು ಬಿಕ್ಕುವುದು ಆ ಜಾಗದಲ್ಲೇ ಬೀಳತೊಡಗಿತು. ನರ್ಸ್ ಸೂಜಿ ಹಾಕಿದಾಗ ಅತ್ತಿತು, ಆದರೆ ಕೈ ಎಳೆದುಕೊಳ್ಳಲಿಲ್ಲ. ಮಗು ಇರುವ ಕಡೆಗೆ ಮೊದಲು ನಾವು ಹೋಗಿ, ಅಲ್ಲಿಂದ ಜೊತೆಯಾಗಿ ಇಳಿದು ಬರುವುದನ್ನು ಪುಸ್ತಕದಲ್ಲಿ ಐಸೋ ತತ್ವ ಅನ್ನುತ್ತಾರೆ, ಐದನೇ ವಾರದ ಕ್ವಿಜ್‌ನಲ್ಲಿ ಅದಕ್ಕೆ ನನಗೆ ಪೂರ್ತಿ ಮಾರ್ಕ್ಸ್ ಬಂದಿತ್ತು. ಕಣ್ಣಾರೆ ಕಂಡಿದ್ದು ಆವತ್ತೇ.

ಸೆಷನ್ ಇಪ್ಪತ್ತೈದು ನಿಮಿಷ. ಆಮೇಲೆ ವಾದ್ಯ ಒರೆಸುವುದು. ಗಿಲಕಿ, ಡ್ರಮ್ಮಿನ ಕೋಲು, ಗಿಟಾರಿನ ಬೆನ್ನು, ಪ್ರತಿಯೊಂದನ್ನೂ ಸೋಂಕು ನಿವಾರಕದಲ್ಲಿ ಒರೆಸಿ, ಎಣಿಸಿ, ಬೇರೆ ಚೀಲಕ್ಕೆ ಹಾಕಬೇಕು. ನಾನೂ ಕೈ ಹಾಕಿದೆ, ಕಾಲು ಗಂಟೆ ಹಿಡಿಯಿತು. ಆಮೇಲೆ ಬರೆಯುವುದು, ಇಪ್ಪತ್ತು ನಿಮಿಷ. ಮಗು ಎಷ್ಟು ಸಲ ಕಣ್ಣಿಗೆ ಕಣ್ಣು ಸೇರಿಸಿತು, ಯಾವಾಗ ಉಸಿರು ನಿಧಾನವಾಯಿತು, ಏನು ಕೆಲಸ ಮಾಡಲಿಲ್ಲ. ಅಂದರೆ ಹಾಡಿದ್ದಕ್ಕಿಂತ ಒರೆಸಿದ್ದು ಬರೆದಿದ್ದೇ ಜಾಸ್ತಿ. ಈ ಕೆಲಸ ಆರಿಸಿಕೊಳ್ಳುವವರಿಗೆ ಇದನ್ನು ಮೊದಲ ವಾರವೇ ತೋರಿಸಬೇಕು. ಬರೆಯಬೇಕು ಅಂತ ಮೇಡಂ ಹೇಳಿದ್ದರು, ಆದರೆ ಇದಕ್ಕೆಲ್ಲ ಇಷ್ಟು ಹೊತ್ತು ಹಿಡಿಯುತ್ತದೆ ಅನ್ನುವ ಮಾತೇ ಕೋರ್ಸಿನಲ್ಲಿ ಬರಲಿಲ್ಲ.

ಉಳಿದದ್ದು ಬೇಗ ಹೇಳುತ್ತೇನೆ. ಆ್ಯಪ್ ಚೆನ್ನಾಗಿದೆ, ವಿಡಿಯೋ ಡೌನ್‌ಲೋಡ್ ಮಾಡಿಕೊಳ್ಳಬಹುದು. ಇಬ್ಬರು ಸೇರಿ ಒಟ್ಟಿಗೆ ನುಡಿಸುವ ಅಭ್ಯಾಸಕ್ಕೆ ಮಾತ್ರ ಆನ್‌ಲೈನ್ ಸರಿಹೋಗುವುದಿಲ್ಲ, ದನಿ ತಡವಾಗಿ ಬರುತ್ತದೆ, ತಾಳ ಕೂಡುವುದೇ ಇಲ್ಲ. ಪ್ರಶ್ನೆ ಕೇಳಿದರೆ ಎರಡು ದಿನದೊಳಗೆ ಉತ್ತರ ಬರುತ್ತಿತ್ತು.

ಸಂಗೀತ ಎಷ್ಟು ಬರಬೇಕು ಅಂತ ತುಂಬಾ ಜನ ಕೇಳುತ್ತಾರೆ. ಕಛೇರಿ ಕೊಡುವಷ್ಟು ಬೇಕಿಲ್ಲ. ಆದರೆ ದನಿ, ಗಿಟಾರ್, ಕೀಬೋರ್ಡ್, ಚಿಕ್ಕಪುಟ್ಟ ತಾಳವಾದ್ಯ, ಇವು ಕೈಗೆ ಹತ್ತಿರಬೇಕು, ಕೈ ನೋಡದೆ ನುಡಿಸುವಷ್ಟು. ಯಾಕೆಂದರೆ ಕಣ್ಣು ಮಗುವಿನ ಮೇಲಿರಬೇಕು. ಹಾಡನ್ನು ನಡುವೆಯೇ ಶ್ರುತಿ ಬದಲಿಸಿ ಹಾಡಲು ಬರಬೇಕು, ವೇಗ ಇಳಿಸಲು ಬರಬೇಕು, ಬಿಟ್ಟುಬಿಡಲೂ ಬರಬೇಕು. ವೇದಿಕೆಯಲ್ಲಿ ಚಪ್ಪಾಳೆ ಸಿಕ್ಕಾಗ ಆಗುವ ಖುಷಿ ನಿಮಗೆ ಮುಖ್ಯವಾಗಿದ್ದರೆ ಇಲ್ಲಿ ಅದು ಸಿಗುವುದಿಲ್ಲ, ವೇದಿಕೆಯಲ್ಲೇ ಮುಂದುವರಿಯಿರಿ ಅಂತ ಪ್ರೀತಿಯಿಂದಲೇ ಹೇಳುತ್ತೇನೆ. ಟೀಚರ್, ನರ್ಸ್, ಸ್ಪೀಚ್ ಥೆರಪಿಸ್ಟ್ ಆಗಿರುವವರು ಈ ಕೋರ್ಸ್ ಮಾಡಿದರೆ ತಮ್ಮ ಈಗಿನ ಕೆಲಸಕ್ಕೂ ಉಪಯೋಗ ಆಗುತ್ತದೆ. ನನ್ನ ಜೋಡಿದಾರರು ಥೆರಪಿಸ್ಟ್ ಆಗುವುದಿಲ್ಲ ಅಂತ ನಿರ್ಧರಿಸಿದ್ದಾರೆ, ಆದರೆ ವಾರ್ಡಿನಲ್ಲಿ ಬ್ಯಾಂಡೇಜ್ ಬಿಚ್ಚುವಾಗ ಈಗ ಮಗುವಿನ ಉಸಿರು ನೋಡಿಕೊಂಡು ಗುನುಗುತ್ತಾರಂತೆ.

ನಾನು ಮಾಸ್ಟರ್ಸ್‌ಗೆ ಅರ್ಜಿ ಹಾಕಲು ತಯಾರಾಗುತ್ತಿದ್ದೇನೆ. ಆಡಿಷನ್ ಇರುತ್ತದೆ, ಮನಃಶಾಸ್ತ್ರ ಓದಬೇಕು, ಕ್ಲಾಸು ಕಮ್ಮಿ ಮಾಡಿಕೊಳ್ಳಬೇಕು, ಅಷ್ಟು ವರ್ಷ ಮನೆ ಖರ್ಚು ಹೇಗೆ ಅನ್ನುವ ಲೆಕ್ಕ ಇನ್ನೂ ಕೂಡುತ್ತಿಲ್ಲ.

ನಿಮ್ಮ ಕಣ್ಣಿಗೆ ಇಂಥ ಕೋರ್ಸ್ ಬಿದ್ದರೆ, ದುಡ್ಡು ಕಟ್ಟುವ ಮುಂಚೆ ಒಂದು ಮೇಲ್ ಹಾಕಿ ಕೇಳಿ. ಪಾಠ ಮಾಡುವವರ ಓದು ಏನು, ಎಲ್ಲಿ ನೋಂದಣಿ ಆಗಿದ್ದಾರೆ, ಸರ್ಟಿಫಿಕೇಟಿನ ಮೇಲೆ ಏನು ಬರೆದಿರುತ್ತದೆ, ವೀಕ್ಷಣೆ ಅಂದರೆ ಕೋಣೆಯೊಳಗಾ ಪರದೆಯ ಮೇಲಾ. ನನ್ನ ದೂರಿಗೆ ಅವರಿಂದ ಉತ್ತರ ಬಂದಿದೆ, ಸರ್ಟಿಫಿಕೇಟಿನ ಒಕ್ಕಣೆ ಬದಲಿಸುತ್ತೇವೆ ಅಂದಿದ್ದಾರೆ. ನಿನ್ನೆ ಹೊಸ ಬ್ಯಾಚಿನ ಜಾಹೀರಾತು ನೋಡಿದೆ, ಹಳೆಯ ಸಾಲೇ ಇತ್ತು. ಇನ್ನೊಂದು ಮೇಲ್ ಹಾಕಿದ್ದೇನೆ.